ಎಂಜಿನ್ನಿಗೆ ಹಾಕಿದ ಕಲಾಯಿ

ಮುಂಜಾನೆಯ ಫರ್ಜ್ ನಮಾಜಿಗೆ ಇರುವುದು ಎರಡೇ ರಕಾತು. ಎರಡು ಸಲ ನಿಂತು, ಬಾಗಿ, ಹಣೆ ನೆಲಕ್ಕೆ ಮುಟ್ಟಿಸಿ ಕೂತರೆ ಮುಗಿಯಿತು. ಆ ಎರಡರಲ್ಲೇ ಚಾಂದಸಾಬನಿಗೆ ದಿಕ್ಕು ತಪ್ಪಿತು. ಹಣೆ ಚಾಪೆಯ ಮೇಲಿದ್ದಾಗಲೇ ಇದು ಮೊದಲನೆಯದೋ ಎರಡನೆಯದೋ ಎಂಬ ಅನುಮಾನ ಹುಟ್ಟಿತು. ಅನುಮಾನದ ಬೆನ್ನಿಗೆ ತವರದ ಆ ತುಂಡು ಕಣ್ಣ ಮುಂದೆ ಬಂದು ಬಿತ್ತು. ಬೆರಳುದ್ದ, ಕಸಬರಿಗೆಯ ಕಡ್ಡಿಯಷ್ಟು ದಪ್ಪ, ನಡುವೆ ಒಂದಿಷ್ಟು ಬಾಗಿ, ಬೆಳ್ಳಿಯ ಹುಳವೊಂದು ನಿದ್ದೆಹೋದ ಹಾಗೆ. ದಿನಾಲು ಮಸೀದಿಗೆ ಹೋಗುವವನು ಇವತ್ತು ತಡವಾಗಿ ಎದ್ದು ಮನೆಯಲ್ಲೇ ನಿಂತಿದ್ದ. ಮಸೀದಿಯಲ್ಲಾದರೆ ಮುಂದಿನವರ ಬೆನ್ನು ನೋಡಿಕೊಂಡು ಬಾಗಿದರೆ ಸಾಕು. ತಪ್ಪಿದರೂ ಎಲ್ಲರೂ ಕೂಡಿ ತಪ್ಪುತ್ತಾರೆ. ಒಬ್ಬನೇ ತಪ್ಪುವುದು ಬೇರೆ. ಅತ್ತ ಇತ್ತ ಮುಖ ತಿರುಗಿಸಿ ಸಲಾಮು ಹೇಳಿ, ಮತ್ತೆ ಮೊದಲಿನಿಂದ ನಿಂತ. ಅದೂ ಹಾಗೇ ಆಯಿತು. ಮೂರನೆಯ ಸಲಕ್ಕೆ ನಿಲ್ಲುವಾಗ, ದೇವರಿಗೂ ನಗು ಬಂದಿರಬೇಕು ಎಂದು ಅವನಿಗೆ ಅನ್ನಿಸಿ, ಆ ಅನ್ನಿಸಿಕೆಯಿಂದಲೇ ಮನಸ್ಸು ಸ್ವಲ್ಪ ಹಗುರಾಗಿ, ನಮಾಜು ಹೇಗೋ ದಂಡೆ ಮುಟ್ಟಿತು.

"ಏನ್ರಿ, ಇವತ್ತ ಅಲ್ಲಾನ ಹಂತ್ಯಾಕ ಭಾಳ ಮಾತು ಇದ್ದುವೇನ?" ಒಲೆಯ ಮುಂದಿನಿಂದ ಹೆಂಡತಿ ಬಿಸ್ಮಿಲ್ಲಾಬಿ ಕೇಳಿದಳು. "ಚಾ ಎರಡು ಸಲ ಕಾಸೇನಿ. ಮೂರನೇ ಸಲ ಕಾಸೂದಿಲ್ಲ."

ಅವನು ಬಂದು ಗೋಡೆಗೆ ಆತು ಕೂತು, ಬಸಿಗೆ ಸುರುವಿಕೊಂಡು, ಕುಡಿಯದೆ ಹಿಡಿದುಕೊಂಡ. "ಮಾಸ್ತರು ಇವತ್ತ ಬರ್ತಾರ," ಅಂದ.

"ಬರ್ಲಿ. ಹೇಳಿಬಿಡ್ರಿ."

"ಏನಂತ ಹೇಳ್ಲಿ?"

"ನನಗ ಹೇಳಿದಂಗ. ನನಗ ಹೇಳುವಾಗ ನಾಲಿಗಿ ಹೆಂಗ ಹೊಳ್ಳಿತು?"

"ನೀ ಮನಿ ಮಂದಿ."

"ಆ ಮನಷ್ಯಾ ಹದಿಮೂರು ವರ್ಷ ನಿಮ್ಮ ಕಲಾಯಿ ತನ್ನ ತಲೀಮ್ಯಾಲ ಹೊತ್ತಾನ. ಅಂವ ಮನಿ ಮಂದಿಗಿಂತ ಕಡಿಮಿ ಏನ?" ಬಿಸ್ಮಿಲ್ಲಾಬಿ ರೊಟ್ಟಿಯ ಹಿಟ್ಟಿಗೆ ನೀರು ಬಿಟ್ಟುಕೊಳ್ಳುತ್ತಲೇ ಹೇಳಿದಳು. "ಶನಿವಾರ ಸಾಲ್ಯಾಗ ಎಲ್ಲಾರ ಮುಂದ ನಿಂತು, ಗಾಡಿ ಕೆಡಿಸಿದಾಂವ ನಾನ ಅಂತ ಭಾಷಣ ಮಾಡ್ತಾನಂತಲ್ಲ, ಆ ಪಾಪದ ಮನಷ್ಯಾ. ಆವಾಗ ಅವನ ಬಾಯಿಲೆ ಸುಳ್ಳು ಹೇಳ್ಸಾವ್ರು ಯಾರು? ನೀವ. ಕುಡೀರಿ ಚಾ, ಆರ್ತದ."

ಸ್ಟೇಶನ್ ರೋಡಿನ ಅಂಗಡಿಯ ಬಾಗಿಲು ತೆಗೆಯುವಾಗ ಬೀಜದ ಕಂಪನಿಯ ಹೆಣ್ಣಾಳುಗಳು ಬುತ್ತಿ ಹಿಡಿದು ನಗುತ್ತ ಹೊರಟಿದ್ದರು. ಆಟೋದವರು ಆಗಲೇ ಜಗಳಕ್ಕೆ ಕೂತಿದ್ದರು. ಹಿಂದೆ ಇದೇ ಹೊತ್ತಿಗೆ ಇದೇ ಬಾಗಿಲ ಮುಂದೆ ಹೆಂಗಸರು ತಾಮ್ರದ ಹಂಡೆ, ಹಿತ್ತಾಳೆಯ ಬೋಗುಣಿ, ಮದುವೆಮನೆಯ ಹರಿವಾಣಗಳನ್ನು ಹೊತ್ತು ನಿಲ್ಲುತ್ತಿದ್ದರು. ಸ್ಟೀಲು ಬಂತು, ಸ್ಟೀಲಿಗೆ ಕಲಾಯಿ ಬೇಡ. ಚಾಂದಸಾಬ ತಿದಿಯನ್ನು ಮೂಲೆಗೆ ಸರಿಸಿ ಪಂಪ್ ಸ್ಟೋವ್ ರಿಪೇರಿಗೆ ಕೂತ. ಅದರಲ್ಲಿ ದುಃಖಪಡುವಂಥದ್ದೇನೂ ಅವನಿಗೆ ಕಂಡಿರಲಿಲ್ಲ. ಬೆಂಕಿ ಅದೇ, ಕೂಡುವ ಜಾಗ ಅದೇ. ಆದರೆ ಕೈಗೆ ಅದರದೇ ನೆನಪು ಇರುತ್ತದೆ. ಮೂರು ವಾರದ ಹಿಂದೆ ಬ್ಯಾಡಗಿಯ ಹೈಸ್ಕೂಲಿನ ವಿಜ್ಞಾನದ ಮಾಸ್ತರ ಮಾಲತೇಶಪ್ಪನವರು ಹಳೆಯ ಧೋತರದಲ್ಲಿ ಸುತ್ತಿ ತಂದ ಗಂಟನ್ನು ಬಿಚ್ಚಿದಾಗ, ಆ ತಾಮ್ರದ ಉರುಟು ಹೊಟ್ಟೆಯನ್ನು ಕಂಡು ಮೊದಲು ಖುಷಿಪಟ್ಟದ್ದು ಅವನ ಕೈಗಳೇ. ಅವನು ಆಮೇಲೆ ಗುರುತು ಹಿಡಿದ.

ಆಟಿಗೆಯ ಉಗಿಬಂಡಿ. ಆಟಿಗೆಯೆಂದರೂ ಖರೇ ನೀರು, ಖರೇ ಬೆಂಕಿ, ಖರೇ ಉಗಿ. ಮೊಳಕ್ಕೆ ಎರಡು ಬೆರಳು ಕಡಿಮೆ. ಎಂಬತ್ತೊಂದನೆಯ ಇಸವಿಯಲ್ಲಿ ಮಾಸ್ತರರ ಸೋದರಮಾವ ಮುಂಬಯಿ ಬಂದರದಿಂದ ಕಳಿಸಿದ್ದು. ಬಂದದ್ದು ಗಾಡಿಯಾಗಿ ಅಲ್ಲ, ಒಂದು ರಟ್ಟಿನ ಪೆಟ್ಟಿಗೆಯ ತುಂಬ ಬಿಡಿ ಸಾಮಾನಾಗಿ. ಜೊತೆಗೆ ಯಾರಿಗೂ ಓದಲು ಬಾರದ ಪರದೇಶದ ಭಾಷೆಯ ಒಂದು ನಕ್ಷೆ. ನಕ್ಷೆಯ ಚಿತ್ರ ನೋಡಿ ಹೇಳುವವರು ಮಾಸ್ತರರು, ಬೆಸೆಯುವವನು ಚಾಂದಸಾಬ. ಇಬ್ಬರೂ ಕೂಡಿ ಆ ಬಡಪಾಯಿ ಎಂಜಿನ್ನಿಗೆ ಮಾಡಿದ್ದು ಒಂದೆರಡಲ್ಲ. ಗಾಲಿಗಳ ಒಂದು ಜೋಡಿ ತಿರುವು ಮುರುವು. ಹೊಗೆಕೊಳವಿ ಎಡಕ್ಕೆ ವಾಲಿದ್ದು, ಟೊಪ್ಪಿಗೆಯನ್ನು ಓರೆ ಇಟ್ಟುಕೊಂಡ ಮದುಮಗನ ಹಾಗೆ. ಮೇಲೆ ಚಕ್ಕಡಿಗೆ ಬಳಿಯುವ ಕೆಂಪು ಬಣ್ಣ, ಎರಡು ಕೈ, ಬೆರಳ ಗುರುತು ಸಮೇತ. ಅದೆಲ್ಲ ಇರಲಿ. ಎಲ್ಲ ಮುಗಿಯಿತು ಅನ್ನುವಾಗ ಚಾಂದಸಾಬ ತನ್ನ ಮನಸ್ಸಿಗೆ ಬಂದದ್ದೊಂದನ್ನು, ಮಾಸ್ತರರು ಊಟಕ್ಕೆ ಹೋದಾಗ, ಯಾರನ್ನೂ ಕೇಳದೆ ಮಾಡಿದ್ದ. ತಾಮ್ರದ ಹೊಟ್ಟೆಯನ್ನು ಬೆಂಕಿಗೆ ಹಿಡಿದು, ನವಸಾಗರದ ಪುಡಿ ಚೆಲ್ಲಿ, ತವರ ಮುಟ್ಟಿಸಿ, ಅರಳೆಯಿಂದ ಒರೆಸಿ, ಒಳಗೆಲ್ಲ ಹೊಳೆಯುವ ಹಾಗೆ ಕಲಾಯಿ ಹಾಕಿದ. ಹೊಟ್ಟೆಯಿಂದ ಪಿಸ್ಟನ್ನಿಗೆ ಉಗಿ ಹಾಯುವ ಸಣ್ಣ ನಳಿಗೆ ಉಳಿದಿತ್ತು. ಅದರೊಳಗೆ ಅರಳೆ ಹೋಗುವುದಿಲ್ಲ, ಒರೆಸುವುದು ಹೇಗೆ? ಕರಗಿದ ತವರವನ್ನೇ ಈ ಬಾಯಿಂದ ಸುರುವಿ ಆ ಬಾಯಿಂದ ತೆಗೆದ. ಬಹಳಷ್ಟು ಹೊರಗೆ ಬಂತು. ಊದಿ ನೋಡಿದ. ಕಿವಿಗೆ ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣ ಸಿಳ್ಳೆ. ಅಷ್ಟು ಸಾಕು ಅಂದುಕೊಂಡ. ಆ 'ಅಷ್ಟು ಸಾಕು' ಅನ್ನುವಾಗ ಒಳಗೆಲ್ಲೋ 'ಸಾಕೇನು?' ಎಂದು ಕೇಳಿದ್ದೂ ಅವನಿಗೆ ನೆನಪಿದೆ. ಹದಿಮೂರು ವರ್ಷವಾದರೂ ನೆನಪಿದೆ, ಅದೇ ತ್ರಾಸು.

ಆಗ ಹಾವೇರಿಯಲ್ಲಿ ಶಾಲೆಗಳ ವಿಜ್ಞಾನದ ಪ್ರದರ್ಶನವಿತ್ತು. ಚಾಂದಸಾಬ ಇಸ್ತ್ರಿ ಹೊಡೆಸಿದ ಬಿಳಿ ಅಂಗಿ ಹಾಕಿಕೊಂಡು, ಕಿಸೆಯಲ್ಲಿ ಅತ್ತರಿನ ಅರಳೆ ಇಟ್ಟುಕೊಂಡು ಹೋಗಿ ಹಿಂದೆ ನಿಂತಿದ್ದ. ತನ್ನ ಕೈಯ ಕೆಲಸ ಸಭೆಯ ನಡುವೆ ಮೇಜಿನ ಮೇಲೆ ಕೂತದ್ದನ್ನು ಅವನು ಜೀವನದಲ್ಲಿ ಅದೇ ಮೊದಲು ನೋಡಿದ್ದು. ಮಾಸ್ತರರು ಉಗಿಯ ಶಕ್ತಿಯ ಮೇಲೆ ಚೆನ್ನಾಗಿ ಮಾತಾಡಿ ಸ್ಪಿರಿಟ್ ದೀಪ ಹಚ್ಚಿದರು. ನೀರು ಕುದಿಯಿತು. ಹೊಟ್ಟೆಯ ಮೇಲಿನ ಸಣ್ಣ ತೂತಿನಿಂದ ಉಗಿ ಚೆನ್ನಾಗಿ ಹೊರಟಿತು. ಗಾಲಿ ತಿರುಗಲಿಲ್ಲ. ಮಾಸ್ತರರು ಬೆರಳಿನಿಂದ ಮೆಲ್ಲಗೆ ದಬ್ಬಿದರು. ದಬ್ಬಿದಷ್ಟು ಹೋಗಿ ನಿಂತಿತು. ಮತ್ತೆ ದಬ್ಬಿದರು. ಪರೀಕ್ಷೆಗೆ ಬಂದಿದ್ದ ದಪ್ಪ ಕನ್ನಡಕದ ಸಾಹೇಬರೊಬ್ಬರು ಬಾಗಿ ನೋಡಿ, "ಮಾಸ್ತರ, ಇದರಾಗ ಎಷ್ಟು ಮಂದೀದು ಚಾ ಅಕ್ಕೈತಿ?" ಅಂದರು. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಮಾಸ್ತರರ ಕೊರಳು ಕೆಂಪಾದದ್ದು ಹಿಂದೆ ನಿಂತ ಚಾಂದಸಾಬನಿಗೂ ಕಂಡಿತು. ಅವನು ಆಗ ಏನು ಮಾಡಿದ? ಗುಂಪಿನಿಂದ ಹಿಂದೆ ಸರಿದು, ಬಾಗಿಲು ದಾಟಿ, ಬಸ್ ಸ್ಟ್ಯಾಂಡಿಗೆ ಹೋಗಿ, ಮಿರ್ಚಿ ಮಂಡಕ್ಕಿ ತಿಂದ. ಒಂದಲ್ಲ, ಎರಡು ಪ್ಲೇಟು. ಹಸಿವಾಗಿತ್ತು ಎಂಬುದು ಖರೇ. ಆದರೆ ಎರಡನೆಯ ಪ್ಲೇಟಿನಲ್ಲಿ ಉಳ್ಳಾಗಡ್ಡಿ ಕಡಿಮೆಯಾಯಿತೆಂದು ಕೇಳಿ ಹಾಕಿಸಿಕೊಂಡದ್ದು ಯಾಕೆ? ಮನುಷ್ಯನ ಹೊಟ್ಟೆಗೆ ನಾಚಿಕೆ ಇಲ್ಲವೋ, ನಾಚಿಕೆಗೇ ಹಸಿವಾಗುತ್ತದೋ, ಅವನಿಗೆ ಇವತ್ತಿಗೂ ಬಗೆಹರಿದಿಲ್ಲ. ಎಂಟು ದಿನ ಬಿಟ್ಟು ಮಾಸ್ತರರು ಅಂಗಡಿಗೆ ಬಂದು, "ನಕ್ಷಾ ಓದೂದ್ರಾಗ ನನ್ನ ತಪ್ಪು ಆಗೇತ್ರಿ ಚಾಂದಸಾಬ್ರ, ಪಿಸ್ಟನ್ನಿನ ಚಿತ್ರ ಉಲ್ಟಾ ಹಿಡಿದೇನಿ ಅಂತ ಕಾಣ್ತೈತಿ," ಅಂದಾಗ, ಇವನು ಯಾವುದೋ ಹಂಡೆಯ ತಳ ಒರೆಸುತ್ತ ಹೇಳಿದ್ದು ಒಂದೇ ಮಾತು: "ಇರಬಹುದರಿ."

ಆ ಮಾತಿಗೆ ಸಾಕ್ಷಿ ಬೇರೆ ಯಾರೂ ಇರಲಿಲ್ಲ. ಇದ್ದಿದ್ದರೆ ಹಗುರವಾಗುತ್ತಿತ್ತೇನೋ.

ಈಗ ಮಾಸ್ತರರು ಈ ತಿಂಗಳು ನಿವೃತ್ತಿ. ಪ್ರಯೋಗಶಾಲೆಯ ಕಪಾಟು ಖಾಲಿ ಮಾಡುವಾಗ ಸತ್ತ ಹಾವಿನ ಬಾಟಲಿಗಳ ಹಿಂದೆ ಗಾಡಿ ಸಿಕ್ಕಿತಂತೆ. ಶನಿವಾರ ಬೀಳ್ಕೊಡುವ ಸಭೆ. ಅದರೊಳಗೆ ಇದನ್ನು ಒಮ್ಮೆ, ಒಂದೇ ಒಂದು ಸುತ್ತು ಓಡಿಸಬೇಕು ಎಂದು ಅವರ ಆಸೆ. ಚಾಂದಸಾಬ ಈ ಮೂರು ವಾರ ಸುಖವಾಗಿದ್ದ, ಅದನ್ನು ಸುಳ್ಳು ಹೇಳಲಾರ. ಕಾಸ್ಟಿಕ್ ಸೋಡಾದ ನೀರಿನಲ್ಲಿ ಮುಳುಗಿಸಿ ಚಕ್ಕಡಿಯ ಕೆಂಪನ್ನು ಸುಲಿದಾಗ ಒಳಗಿನ ಹಿತ್ತಾಳೆ ಸ್ನಾನ ಮಾಡಿ ಬಂದ ಕೂಸಿನಂತೆ ನಕ್ಕಿತು. ವಾಲಿದ ಹೊಗೆಕೊಳವಿಯನ್ನು ಕಿತ್ತು ನೆಟ್ಟಗೆ ಕೂರಿಸಿದ. ಗಾಲಿಗಳನ್ನು ಬಿಚ್ಚಿ, ಸ್ಟೇಶನ್ನಿನಲ್ಲಿ ನಿಂತ ದೊಡ್ಡ ಗಾಡಿಯ ಗಾಲಿ ನೋಡಿಬಂದು, ಮತ್ತೆ ಜೋಡಿಸಿದ. ಪಿಸ್ಟನ್ನಿಗೆ ನೂಲು ಸುತ್ತಿ ಎಣ್ಣೆ ಕುಡಿಸಿದ. ಬೀಜದ ಪೆಟ್ಟಿಗೆಗಳಿಗೆ ಬಿಗಿಯುವ ಕಬ್ಬಿಣದ ಪಟ್ಟಿಗಳನ್ನು ಆಯ್ದು ತಂದು, ಒಂದು ಹಳೆಯ ಬಾಗಿಲಿನ ಮೇಲೆ ಗುಂಡಗೆ ಬಡಿದು ಹಳಿ ಮಾಡಿದ. ಕಳೆದ ಗುರುವಾರ ನಳಿಗೆಯನ್ನು ಬಿಚ್ಚಿ ಊದಿದ, ಉಸಿರು ಹಾಯಲಿಲ್ಲ. ಕಾಸಿ, ನೆಲಕ್ಕೆ ಮೆಲ್ಲಗೆ ಕುಟ್ಟಿದ. ತವರದ ತುಂಡು ಜಾರಿ ಬಂದು ಅವನ ಕಾಲ ಹೆಬ್ಬೆರಳ ಹತ್ತಿರ ಬಿತ್ತು. ಪಿಸ್ಟನ್ನಿನ ಚಿತ್ರ ಯಾರೂ ಉಲ್ಟಾ ಹಿಡಿದಿರಲಿಲ್ಲ. ಮಾಸ್ತರರು ಎಲ್ಲವನ್ನೂ ಸರಿಯಾಗಿಯೇ ಓದಿದ್ದರು. ಆಮೇಲೆ ಅವರು ಎರಡು ಸಲ ಬಂದು ಹೋದರು. ಎರಡು ಸಲವೂ ಇವನು ಸ್ಟೋವಿನ ಪಿನ್ನು ಹುಡುಕುತ್ತ ಕೂತ.

ಹನ್ನೊಂದರ ಪ್ಯಾಸೆಂಜರಿಗೆ ಮಾಸ್ತರರು ಇಳಿದು ಬಂದರು. ಬ್ಯಾಡಗಿಯಿಂದ ಬರುವವರನ್ನು ಕಣ್ಣು ಮುಚ್ಚಿ ಗುರುತಿಸಬಹುದು. ಮಾಸ್ತರರ ಕರಿ ಕೋಟು ಹೊಸ್ತಿಲು ದಾಟಿದ್ದೇ ಪಕ್ಕದ ಚಾದ ಅಂಗಡಿಯ ಫಕ್ಕೀರೇಶ ಒಂದು ದೊಡ್ಡ ಸೀನು ಸೀನಿದ.

"ಮಾಸ್ತರ್ರ, ಸಾಲಿ ಕಲಿಸ್ತೀರೋ ಮೆಣಸಿನಕಾಯಿ ದಲಾಲಿ ಮಾಡ್ತೀರೋ?"

"ಬ್ಯಾಡಗಿಯಾಗ ಎರಡೂ ಒಂದೋ ತಮ್ಮಾ. ಎರಡ್ರಾಗೂ ಕಣ್ಣಾಗ ನೀರು ಬರ್ತಾವ," ಅಂದು ಮಾಸ್ತರರು ಒಳಗೆ ಬಂದು ಕೂತರು. ತೆಳ್ಳಗಿನ ಮನುಷ್ಯ, ಕಿವಿಯ ಮೇಲೆ ಬಿಳಿ ಕೂದಲು. "ಏನ್ರಿ ಚಾಂದಸಾಬ್ರ, ನಮ್ಮ ಕೂಸು ಏನಂತೈತಿ?"

"ಹಚ್ಚಿ ನೋಡೂದೊಂದ ಉಳಿದೈತ್ರಿ," ಅಂದ ಚಾಂದಸಾಬ. ನಳಿಗೆ ಬಯಲಾದ ಮೇಲೂ ಅವನು ಗಾಡಿಯನ್ನು ಓಡಿಸಿ ನೋಡಿರಲಿಲ್ಲ. ಮಾಸ್ತರರಿಲ್ಲದೆ ಓಡಿಸುವುದು ಇನ್ನೊಂದು ಕಳವು ಅನ್ನಿಸಿತ್ತು.

ಮಾಸ್ತರರು ಕೋಟಿನ ಕಿಸೆಯಿಂದ ಮಡಚಿದ ಹಾಳೆ ತೆಗೆದರು. "ಶನಿವಾರದ್ದು ಬರದೇನಿ. ಸುರುವು ಕೇಳ್ರಿ. 'ಮಕ್ಕಳೇ, ಈ ಗಾಡಿ ಹದಿಮೂರು ವರ್ಷದ ಹಿಂದೆ ಓಡಲಿಲ್ಲ. ಕಾರಣ, ನಿಮ್ಮ ಗುರುಗಳು ಒಂದು ಚಿತ್ರವನ್ನು ತಪ್ಪಾಗಿ ಓದಿದ್ದರು.' ಹೆಂಗೈತಿ?"

"ಚಂದ ಐತ್ರಿ," ಅಂದುಬಿಟ್ಟ ಚಾಂದಸಾಬ. ಎದ್ದು ಹೂಜಿಯಿಂದ ನೀರು ಬಗ್ಗಿಸಿದ. ತಾಮ್ರದ ಹೊಟ್ಟೆಯೊಳಗಿನ ಕಲಾಯಿಯನ್ನೂ ಅವನು ಕೆರೆದು ತೆಗೆದಿದ್ದ. ಬೋಳು ತಾಮ್ರ ಕಂಡು ಕೈ ಇನ್ನೂ ತುರಿಸುತ್ತಿತ್ತು. ಅದನ್ನು ತಡೆದುಕೊಂಡದ್ದೇ ದೊಡ್ಡದು. ಬಿರಡೆ ಬಿಗಿದು, 'ಬಿಸ್ಮಿಲ್ಲಾ' ಎಂದು ತುಟಿಯೊಳಗೇ ಅಂದು ದೀಪ ಹಚ್ಚಿದ. ಮಾಸ್ತರರು ಕಣ್ಣು ಮುಚ್ಚಿ ತಮ್ಮ ಮನೆದೇವರು ದೇವರಗುಡ್ಡದ ಮಾಲತೇಶನನ್ನು ನೆನೆದರು. ಫಕ್ಕೀರೇಶ ಚಾದ ಕೆಟಲು ಹಿಡಿದೇ ಬಂದು ಬಾಗಿಲಲ್ಲಿ ನಿಂತ. ಅವನ ಬೆನ್ನಿಗೆ ಇಬ್ಬರು ಆಟೋದವರು, ಛತ್ರಿ ರಿಪೇರಿಗೆ ಬಂದ ಹಲಗೇರಿಯ ಒಬ್ಬ ಹೆಣ್ಣುಮಗಳು.

"ಮಾಸ್ತರ್ರ, ಚಾ ಗೀ ಕಾಸಿ ನನ್ನ ಹೊಟ್ಟೀಮ್ಯಾಲ ಹೊಡೀಬ್ಯಾಡ್ರೆಪಾ," ಅಂದ ಫಕ್ಕೀರೇಶ. ಆ ಸಾಹೇಬರ ಮಾತು ಅಷ್ಟು ದೂರ ಬಂದಿತ್ತು. ಮಾಸ್ತರರೂ ನಕ್ಕರು. ಅವರು ನಕ್ಕದ್ದು ಚಾಂದಸಾಬನ ಪಕ್ಕೆಗೆ ಚುಚ್ಚಿತು.

ನೀರು ಮೊದಲು ಸುಮ್ಮನಿತ್ತು. ಆಮೇಲೆ ಒಳಗೆ ಯಾರೋ ಗುಣುಗುಣು ಮಂತ್ರ ಹೇಳಿದಂತೆ ಸದ್ದು. ತೂತಿನಿಂದ ಎಳೆಯಾಗಿ ಉಗಿ ಬಂತು. ಹಾವೇರಿಯಲ್ಲೂ ಇಲ್ಲಿಯವರೆಗೆ ಬಂದಿತ್ತು. ಗಾಲಿಯ ಹತ್ತಿರ 'ಪಿಚ್' ಎಂದು ಒಂದು ಹನಿ ಬಿಸಿನೀರು ಸಿಡಿಯಿತು, ಪಿಸ್ಟನ್ನು ಮಗ್ಗುಲು ಬದಲಿಸಿತು, ಗಾಡಿ ಒಂದು ಬೆರಳು ಮುಂದೆ ಬಂದು, ನಾಚಿಕೊಂಡು ನಿಂತು, ಮತ್ತೆ ಒಂದು ಬೆರಳು ಬಂದು, ಇದ್ದಕ್ಕಿದ್ದಂತೆ ತನಗೆ ಗಾಲಿಗಳಿವೆ ಎಂಬುದು ನೆನಪಾದಂತೆ ಹೊರಟೇಬಿಟ್ಟಿತು. ಚುಕುಪುಕು ಅಲ್ಲ; ಅದು ಹೊಲಿಗೆಯಂತ್ರದ ಸದ್ದು. ಹಳೆಯ ಬಾಗಿಲಿನ ಮೇಲೆ ಒಂದು ಸುತ್ತು, ಎರಡು ಸುತ್ತು, ಅಗಳಿಯ ತೂತು ದಾಟುವಾಗಲೆಲ್ಲ ಒಂದು ಸಣ್ಣ ಕುಪ್ಪಳ. ಹಲಗೇರಿಯ ಹೆಣ್ಣುಮಗಳು "ಯವ್ವಾ, ಓಡಾಕತ್ತೇತಲ್ಲ!" ಎಂದು ಬಾಯಿಗೆ ಸೆರಗು ಹಿಡಿದಳು. ಆಟೋದವನೊಬ್ಬ ಸಿಳ್ಳೆ ಹೊಡೆದ. ಮಾಸ್ತರರು ಎರಡೂ ಕೈ ಎತ್ತಿ ಹಾಗೇ ನಿಂತರು. ಆಮೇಲೆ ಚಾಂದಸಾಬನ ಎರಡೂ ಭುಜ ಹಿಡಿದು ಮಂದಿಯ ಕಡೆ ತಿರುಗಿಸಿದರು.

"ನೋಡ್ರಿ ಎಲ್ಲಾರೂ ಈ ಮನಷ್ಯಾನ್ನ. ನಾ ಕೆಡಿಸಿದ್ದನ್ನ ಇವರು ತಿದ್ದಿದ್ರು. ಹದಿಮೂರು ವರ್ಷದ ನನ್ನ ತಪ್ಪನ್ನ—"

"ತಪ್ಪು ನಂದ್ರಿ," ಅಂದ ಚಾಂದಸಾಬ.

ಗಟ್ಟಿಯಾಗಿಯೇ ಅಂದಿದ್ದ, ಫಕ್ಕೀರೇಶನ ಕೆಟಲು ಓರೆಯಾಯಿತು. ಮಾಸ್ತರರು ನಗುತ್ತ, "ದೊಡ್ಡ ಮನಸು ಇವರದು," ಅಂದರು. ಒಳ್ಳೆಯವನೆಂದು ಕರೆಸಿಕೊಳ್ಳುವ ಕಷ್ಟ ಎಂಥದೆಂದು ಚಾಂದಸಾಬನಿಗೆ ಆ ಕ್ಷಣ ತಿಳಿಯಿತು. ಇನ್ನೊಂದು 'ಇರಬಹುದರಿ' ಅಂದರೆ ಸಾಕಿತ್ತು, ಎಲ್ಲ ಸರಾಗ ಮುಗಿಯುತ್ತಿತ್ತು.

"ದೊಡ್ಡ ಮನಸಲ್ರಿ. ಖರೇ ಹೇಳಾಕತ್ತೇನಿ. ನೀವು ನಕ್ಷಾ ಸರಿಯಾಗೇ ಓದಿದ್ರಿ. ನೀವು ಊಟಕ್ಕ ಹೋದಾಗ ನಾ ಒಳಗೆಲ್ಲಾ ಕಲಾಯಿ ಹಾಕಿದ್ನಿ. ನಳಿಗಿಗೂ. ತವರ ಒಳಗ ಕುಂತು ಉಗಿ ಕಟ್ಟಿತ್ತು. ಗುರುವಾರ ತಗದೇನಿ. ಆವತ್ತು ಹಾವೇರಿಯಾಗ ನಿಂತಾಗೂ ಒಂದೀಟು ಅನುಮಾನ ಇತ್ತು. ಹೇಳ್ಲಿಲ್ಲ. ಹೋಗಿ ಮಂಡಕ್ಕಿ ತಿಂದ್ನಿ."

ಮಂಡಕ್ಕಿಯ ಮಾತು ಯಾಕೆ ಬಂತೋ. ಅದನ್ನು ಬಿಸ್ಮಿಲ್ಲಾಬಿಗೂ ಹೇಳಿರಲಿಲ್ಲ.

ಗಾಡಿ ತನ್ನ ಪಾಡಿಗೆ ಸುತ್ತುತ್ತಿತ್ತು. ಮಾಸ್ತರರು ಅದನ್ನೇ ನೋಡುತ್ತ ಕೇಳಿದರು, "ಎಂಜಿನ್ನಿಗೆ ಕಲಾಯಿ? ಯಾಕ್ರಿ?"

"ತಾಮ್ರ ಅಲ್ಲೇನ್ರಿ. ತಾಮ್ರದಾಗ ನೀರು ಇಟ್ಟ್ರ ಕಿಲುಬು ಹಿಡೀತೈತಿ. ವಿಷ."

"ಎಂಜಿನ್ನಿನ ನೀರು ಯಾರ್ ಕುಡೀತಾರ್ರಿ?"

"ಸಾಲಿಗೆ ಹೋಗೂ ಸಾಮಾನ ಅಂದಿದ್ರಲ್ಲ ನೀವು. ಸಣ್ಣ ಹುಡುಗೂರು ಇರ್ತಾವು. ಕೈಗೆ ಸಿಕ್ಕಿದ್ದಕ್ಕೆಲ್ಲಾ ಬಾಯಿ ಹಚ್ತಾವು. ಯಾವುದರೆ ಒಂದು ನಳಿಗಿಗೆ ಬಾಯಿ ಇಟ್ಟು ನೀರು ಎಳಕೊಂಡ್ರ..." ಆ ಮಧ್ಯಾಹ್ನ, ತಿದಿ ಒತ್ತುವಾಗ, ಅವನು ಅಂದುಕೊಂಡದ್ದು ಅಷ್ಟೇ. ಅದೊಂದು ಒಳ್ಳೆಯ ಯೋಚನೆ ಎಂಬ ಹೆಮ್ಮೆಯೂ ಇತ್ತು.

ಮಾಸ್ತರರು ಹೊರಗೆ ಹೋಗಿ ಫಕ್ಕೀರೇಶನ ಬೆಂಚಿನ ಮೇಲೆ ಇತ್ತ ಬೆನ್ನು ಮಾಡಿ ಕೂತರು. ಮಂದಿ ಸರಿದು ಹೋಯಿತು. ಹಲಗೇರಿಯ ಹೆಣ್ಣುಮಗಳು ಛತ್ರಿಯನ್ನು ಅಲ್ಲೇ ಇಟ್ಟು "ಆಮ್ಯಾಲ ಬರ್ತೇನ್ರಿ ಚಾಚಾ," ಎಂದು ಮೆತ್ತಗೆ ಹೋದಳು. ನೀರು ಮುಗಿಯುತ್ತ ಬಂದು ಗಾಡಿ ನಿಧಾನವಾಯಿತು. ಚಾಂದಸಾಬ ದೀಪ ಆರಿಸಿದ. ಕರಿ ಕೋಟಿನ ಆ ಬೆನ್ನು ಅಲ್ಲಾಡುತ್ತಿತ್ತು. ಅಳುತ್ತಿದ್ದಾರೆಯೇ? ಹದಿಮೂರು ವರ್ಷ ಬಿಟ್ಟು ಒಬ್ಬ ಮರ್ಯಾದೆಯ ಮನುಷ್ಯನನ್ನು ಸ್ಟೇಶನ್ ರೋಡಿನಲ್ಲಿ ಅಳಿಸಿದೆನೇ? ಅವನು ಹೊಸ್ತಿಲಿನವರೆಗೆ ಹೋಗಿ ನಿಂತ. ಆಗ ಫಕ್ಕೀರೇಶ ಒಲೆಯ ಹಿಂದಿನಿಂದ ತಲೆ ಹೊರಗೆ ಹಾಕಿ, ಕಣ್ಣು ಹೊಡೆದು, ಮಾಸ್ತರರ ಕಡೆ ಗದ್ದ ತೋರಿಸಿದ. ಮಾಸ್ತರರು ನಗುತ್ತಿದ್ದರು. ಸದ್ದಿಲ್ಲದೆ, ಹೊಟ್ಟೆ ಹಿಡಿದುಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಗುತ್ತಿದ್ದರು. "ಕಿಲುಬು!" ಅಂದರು ತಮಗೆ ತಾವೇ. "ಎಂಜಿನ್ನಿಗೆ ಕಿಲುಬು ಹಿಡದೀತಂತ!" ಮತ್ತೆ ಬೆನ್ನು ಅಲ್ಲಾಡಿತು.

ಒಳಗೆ ಬಂದು ಕೂತಾಗ ಮುಖ ಮಾತ್ರ ಸಪ್ಪಗಾಗಿತ್ತು. ಹಾಳೆಯನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡರು. "ನಿಮಗೊಂದು ಮಾತು ಹೇಳ್ಲಿ? ಈ ತಪ್ಪು ನನಗ ಒಗ್ಗಿಹೋಗಿತ್ತು. ಪ್ರತಿ ವರ್ಷ ಒಂಬತ್ತನೇ ಇಯತ್ತೆಗೆ ಉಗಿ ಪಾಠ ಬಂದಾಗ, ತಪ್ಪು ಮಾಡಾಕ ಅಂಜಬ್ಯಾಡ್ರಿ, ನೋಡ್ರಿ ನಾ ಹೆಂಗ ಮಾಡೇನಿ ಅಂತ ಹೇಳಿ ನಗಸ್ತಿದ್ನಿ. ಹುಡುಗೂರು ಪಾಠ ಮರ್ತರೂ ಅದನ್ನ ಮರೀತಿದ್ದಿಲ್ಲ. ಈಗ ನೀವು ಬಂದು ಅದು ನಂದು ಅಂತೀರಿ. ಶನಿವಾರ ನಾ ಏನಂತ ಹೇಳ್ಲಿ?"

ಚಾಂದಸಾಬನಿಗೆ ಇದು ಹೊಳೆದೇ ಇರಲಿಲ್ಲ. ತನ್ನ ತಪ್ಪನ್ನು ತಾನು ಮುಚ್ಚಿಟ್ಟು ಸವೆಯುತ್ತಿದ್ದಾಗ, ಇನ್ನೊಬ್ಬರು ಅದನ್ನು ಎತ್ತಿಕೊಂಡು, ಒರೆಸಿ, ಪಾತ್ರೆಯಂತೆ ಬಳಸಿ, ಹೊಳಪು ಬರಿಸಿದ್ದರು. "ತಪ್ಪು ನಂದ ಇರ್ಲಿ, ಪಾಠ ನಿಮ್ಮದ ಇರ್ಲಿ ಮಾಸ್ತರ್ರ," ಅಂದ. "ಬೇಕಂದ್ರ ನಾನೂ ಬರ್ತೇನಿ. ನೀವು ಹೇಳ್ರಿ, ನಾ ಬಾಜೂಕ ನಿಂದರ್ತೇನಿ. ಹುಡುಗೂರು ನಗಲಿ." ಕೆಳಗೆ ನೋಡುತ್ತ ಕೇಳಿದ: "ಸಿಟ್ಟ ಬಂದೈತೇನ್ರಿ?"

ಮಾಸ್ತರರು ನಿಜವಾಗಿಯೇ ಯೋಚನೆ ಮಾಡಿದರು. ಕಳೆದುಹೋದ ಕೀಲಿಕೈಯನ್ನು ಕಿಸೆ ಕಿಸೆಯಲ್ಲಿ ತಡವುವವರ ಹಾಗೆ ತಮ್ಮೊಳಗೆಲ್ಲ ತಡವಿ ನೋಡಿದರು.

"ಬರಬೇಕು. ಬರಬೇಕಾದ್ದ. ಹದಿಮೂರು ವರ್ಷ ಅಂದ್ರ ಸಣ್ಣ ಮಾತಲ್ಲ," ಅಂದರು. "ಆದ್ರ ಇವತ್ತ ಬರವಲ್ದು ನೋಡ್ರಿ. ನಾಳೆ ಹನ್ನೊಂದರ ಗಾಡಿಗೆ ಬಂದು ಸಿಟ್ಟು ಮಾಡ್ತೇನಿ, ತಯಾರ್ ಇರ್ರಿ. ಇವತ್ತ ಇನ್ನೊಂದು ಸಲ ಓಡ್ಸರಿ."

ಅಂದವರೇ ಕೋಟು ಬಿಚ್ಚಿ ಮೊಳೆಗೆ ಹಾಕಿ, ಅರವತ್ತರ ಅಂಚಿನ ಮನುಷ್ಯ, ನೆಲದ ಮೇಲೆ ಮೊಣಕಾಲೂರಿ, ಹಳೆಯ ಬಾಗಿಲಿನ ಅಂಚಿಗೆ ಗದ್ದ ಹಚ್ಚಿ, ಗಾಡಿಯ ಎತ್ತರಕ್ಕೆ ಕಣ್ಣು ತಂದು ಕೂತರು. ಚಾಂದಸಾಬ ಹೂಜಿ ಬಗ್ಗಿಸಿದ. ಅವನೂ ಕಡ್ಡಿ ಗೀರಿ ದೀಪ ಹಚ್ಚಿ, ಮಾಸ್ತರರ ಪಕ್ಕದಲ್ಲಿ ಮೊಣಕಾಲೂರಿದ. ನೀರು ಕಾಯುವ ತನಕ ಇಬ್ಬರಿಗೂ ಬೇರೆ ಕೆಲಸವಿರಲಿಲ್ಲ.